ಮಸಾಯಿಗಳ ಊರಿಗೆ ಎರಡು ವಾರ ಹೋಗಿಬರುವ ಮೊದಲು

ಬೇಸಿಗೆ ರಜೆ ಬಂತು ಅಂದರೆ ಅಮೆರಿಕದಲ್ಲಿರುವ ನಮ್ಮ ನೆಂಟರ ಮಕ್ಕಳಿಂದ ಒಂದು ಮೆಸೇಜ್ ಬರುತ್ತದೆ. "ಅಂಕಲ್, ನಮ್ಮ ಚರ್ಚಿನಿಂದ ಕೀನ್ಯಾಕ್ಕೆ ಮಿಷನ್ ಟ್ರಿಪ್ ಹೋಗ್ತಿದ್ದೀವಿ, ಮಸಾಯಿ ಮಕ್ಕಳಿಗೆ ಶಾಲೆ ಕಟ್ತೀವಿ, ಕೈಲಾದಷ್ಟು ಕೊಡಿ" ಅಂತ. ಈಗ ನಮ್ಮ ಸಭೆಯ, ಅಂದರೆ ನಮ್ಮ ಚರ್ಚಿನ, ಯುವಕರೂ ಅಂಥದ್ದೊಂದು ತಂಡದ ಜೊತೆ ಹೋಗುವ ಮಾತಾಡುತ್ತಿದ್ದಾರೆ. ಮಕ್ಕಳ ಮನಸ್ಸು ಒಳ್ಳೆಯದು, ಅದರಲ್ಲಿ ಸಂಶಯವಿಲ್ಲ. ಆದರೆ ಆ ದುಡ್ಡು ವಿಮಾನದ ಟಿಕೆಟ್ಟಿಗೆ ಹೋಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮಸಾಯಿಗಳು ಕೀನ್ಯಾ, ಟಾಂಜಾನಿಯಾದಲ್ಲಿ ದನ ಮೇಯಿಸಿ ಬದುಕುವ ಜನ. ಅವರನ್ನು ನಾವು ನೋಡುವುದು ಕ್ಯಾಲೆಂಡರಿನಲ್ಲಿ. ಕೆಂಪು ಹೊದಿಕೆ, ಕೈಯಲ್ಲಿ ಈಟಿ, ಎತ್ತರದ ಜಿಗಿತ. ಇಲ್ಲಿಂದ ಸಫಾರಿಗೆ ಹೋದವರೂ ಅದೇ ಫೋಟೋ ತರುತ್ತಾರೆ. ಅವರ ನಿಜವಾದ ಕಷ್ಟ ಫೋಟೋದಲ್ಲಿ ಕಾಣುವುದಿಲ್ಲ. ಅದು ಭೂಮಿಯದು.

1904ರಲ್ಲಿ, ಈಗಿನ ಕೀನ್ಯಾದಲ್ಲಿ, ಬ್ರಿಟಿಷರು ಮಸಾಯಿ ಮುಖಂಡರಿಂದ ಒಂದು ಒಪ್ಪಂದಕ್ಕೆ ಒಪ್ಪಿಗೆ ಪಡೆದರು. ರಿಫ್ಟ್ ಕಣಿವೆಯ ಒಳ್ಳೆಯ ಹುಲ್ಲುಗಾವಲು ಬಿಳಿಯ ರೈತರಿಗೆ, ಉತ್ತರದ ಲೈಕಿಪಿಯಾ ಮತ್ತು ದಕ್ಷಿಣದ ಇನ್ನೊಂದು ಪ್ರದೇಶ ಮಸಾಯಿಗಳಿಗೆ. ಮಸಾಯಿ ಕುಲ ಇರುವವರೆಗೂ ಈ ಮಾತು ನಡೆಯುತ್ತದೆ ಅಂತ ಬರೆದರು. ಏಳೇ ವರ್ಷಕ್ಕೆ, 1911ರಲ್ಲಿ, ಲೈಕಿಪಿಯಾದಿಂದಲೂ ಎಬ್ಬಿಸಿದರು. ಮಸಾಯಿಗಳು ಸುಮ್ಮನೆ ಕೂರಲಿಲ್ಲ. ಲಾಯರ್ ಹಿಡಿದು ಕೋರ್ಟಿಗೆ ಹೋದರು. 1913ರಲ್ಲಿ ಸೋತರು. ಒಪ್ಪಂದ ಸರಿಯೋ ತಪ್ಪೋ ಅಂತ ಕೋರ್ಟು ನೋಡಲೇ ಇಲ್ಲ, ಇದನ್ನು ವಿಚಾರಿಸುವ ಅಧಿಕಾರ ತನಗಿಲ್ಲ ಅಂದುಬಿಟ್ಟಿತು.

ಗಡಿಯಾಚೆ ಈಗಿನ ಟಾಂಜಾನಿಯಾದಲ್ಲೂ ಹೀಗೇ ಆಯಿತು. 1951ರಲ್ಲಿ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನವಾಯಿತು. 1959ರ ಹೊತ್ತಿಗೆ ಅಲ್ಲಿದ್ದ ಮಸಾಯಿಗಳನ್ನು ಹೊರಗೆ ಕಳಿಸಿ, ಪಕ್ಕದ ಙೊರೊಂಗೊರೊದಲ್ಲಿ ಇರಿ ಅಂದರು. ಈಗ 2022ರಿಂದ ಆ ಙೊರೊಂಗೊರೊದಿಂದಲೂ 80,000ಕ್ಕೂ ಹೆಚ್ಚು ಜನರನ್ನು ನೂರಾರು ಕಿಲೋಮೀಟರ್ ದೂರದ ಮ್ಸೊಮೆರಾ ಅನ್ನುವ ಹಳ್ಳಿಗೆ ಸಾಗಿಸುವ ಸರ್ಕಾರದ ಯೋಜನೆ ನಡೆದಿದೆ. ಅದೇ ವರ್ಷ ಜೂನ್‌ನಲ್ಲಿ ಸೆರೆಂಗೆಟಿಗೆ ತಾಗಿದ ಲೊಲಿಯೊಂಡೊದಲ್ಲಿ 1,500 ಚದರ ಕಿಲೋಮೀಟರ್ ಮೇವಿನ ಜಾಗಕ್ಕೆ ಗಡಿಕಲ್ಲು ನೆಡಲು ಪೊಲೀಸರು ಬಂದಾಗ ಗುಂಡು ಹಾರಿತು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಕಾಲಿನ ಕೆಳಗಿನ ನೆಲವೇ ಹೋಗುತ್ತಿರುವ ಜನರಿಗೆ ನಾವು ಶಾಲೆಯ ಗೋಡೆಗೆ ಬಣ್ಣ ಬಳಿಯಲು ಹೋಗುತ್ತಿದ್ದೇವೆ. ಬಣ್ಣ ಬಳಿಯುವ ಕೈಗಳಿಗೆ ಅಲ್ಲಿ ಬರವೇ?

ಸಭೆಗಳು ಅಲ್ಲಿ ಏನೂ ಮಾಡಿಲ್ಲ ಅನ್ನುತ್ತಿಲ್ಲ. ತುಂಬಾ ಮಾಡಿವೆ. ಙೊರೊಂಗೊರೊದ ಎಂಡುಲೆನ್‌ನಲ್ಲಿ ಕಥೋಲಿಕರ ಆಸ್ಪತ್ರೆ ಇದೆ. ರಸ್ತೆಯಿಲ್ಲದ ಆ ಸೀಮೆಯಲ್ಲಿ ಹೆರಿಗೆಗೆ, ಕ್ಷಯಕ್ಕೆ ಎಲ್ಲಕ್ಕೂ ಜನ ನಂಬಿದ್ದು ಅದನ್ನೇ. ಸ್ಥಳಾಂತರ ಶುರುವಾದ ಮೇಲೆ ಅದರ ಸೌಲಭ್ಯಗಳನ್ನೇ ಕಡಿತ ಮಾಡಲಾಯಿತು ಅಂತ ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ 2024ರಲ್ಲಿ ದಾಖಲಿಸಿದೆ. ಆಸ್ಪತ್ರೆ ಇಲ್ಲದಿದ್ದರೆ ಜನ ತಾವಾಗಿಯೇ ಎದ್ದು ಹೋಗುತ್ತಾರೆ ಅಲ್ವಾ? ಇಂಥ ಹೊತ್ತಿನಲ್ಲಿ ಒಬ್ಬ ನರ್ಸಿನ ಸಂಬಳ ನಿಲ್ಲದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಸೇವೆ.

ಲೊಲಿಯೊಂಡೊದಲ್ಲೇ 1960ರ ದಶಕದಲ್ಲಿ ವಿನ್ಸೆಂಟ್ ಡೊನೊವನ್ ಅನ್ನುವ ಅಮೆರಿಕನ್ ಪಾದ್ರಿ ಇದ್ದರು. ಮಿಷನ್ನಿನ ಶಾಲೆ, ಆಸ್ಪತ್ರೆ ಎಲ್ಲ ನಡೆದಿದ್ದವು. ಆದರೆ ಇಷ್ಟು ವರ್ಷದಲ್ಲಿ ಮಸಾಯಿಗಳ ಜೊತೆ ದೇವರ ಬಗ್ಗೆ ಯಾರೂ ನೇರವಾಗಿ ಕೂತು ಮಾತಾಡಿಯೇ ಇಲ್ಲ ಅನ್ನುವುದು ಅವರಿಗೆ ಕಂಡಿತು. ಬಿಷಪ್ಪರಿಗೆ ಪತ್ರ ಬರೆದು, ಹಟ್ಟಿಗಳಿಗೆ ಹೋಗಿ ಹಿರಿಯರ ಜೊತೆ ಕೂತರು. ಎಂಗಾಯ್ ಅಂತ ಮಸಾಯಿಗಳು ಕರೆಯುವ ದೇವರ ಬಗ್ಗೆ ಅವರೂ ಹೇಳಿದರು, ಇವರೂ ಹೇಳಿದರು. ಶಾಲೆ, ಆಸ್ಪತ್ರೆಯ ಕೆಲಸವನ್ನು ಪಕ್ಕಕ್ಕಿಡಬೇಕು ಅನ್ನುವ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಎದುರಿಗಿರುವವರನ್ನು ಸರಿಸಮಾನರೆಂದು ತಿಳಿದು ಕೂರುವುದಿದೆಯಲ್ಲ, ಅದು ಎರಡು ವಾರದಲ್ಲಿ ಆಗುವ ಕೆಲಸವಲ್ಲ.

ಮಸಾಯಿಗಳು ಬರೀ ಕೈಚಾಚುವವರೂ ಅಲ್ಲ. ನ್ಯೂಯಾರ್ಕಿನ ಅವಳಿ ಕಟ್ಟಡ ಉರುಳಿದ ಸುದ್ದಿ ತಿಳಿದ ಮೇಲೆ, 2002ರ ಜೂನ್‌ನಲ್ಲಿ ಕೀನ್ಯಾದ ಎನೂಸಾಯೆನ್ ಹಳ್ಳಿಯವರು ಅಮೆರಿಕದ ಜನರಿಗೆ ಅಂತ 14 ಹಸು ದಾನ ಕೊಟ್ಟರು. ಹಸುವೇ ಸರ್ವಸ್ವವಾದ ಜನ ಕೊಟ್ಟ ದಾನ ಅದು.

ಹೆಣ್ಣುಮಕ್ಕಳ ವಿಷಯಕ್ಕೆ ಬರುತ್ತೇನೆ. ಜನನಾಂಗ ಕತ್ತರಿಸುವ ಪದ್ಧತಿಯನ್ನು ಕೀನ್ಯಾ 2011ರಲ್ಲಿ ಪೂರ್ತಿಯಾಗಿ ನಿಷೇಧಿಸಿತು. ಆದರೆ ಕಾನೂನಿಗೆ ಮೊದಲೇ ನಾರೊಕ್‌ನಲ್ಲಿ ಆಗ್ನೆಸ್ ಪರೆಯಿಯೊ ಓಡಿಬಂದ ಹುಡುಗಿಯರಿಗೆ ಆಸರೆಯ ಮನೆ ತೆರೆದಿದ್ದರು. ಆಕೆಯೇ ಮಸಾಯಿ, ಆ ನೋವು ಉಂಡವರು. ಮನೆಮನೆಗೆ ಹೋಗಿ ತಾಯಂದಿರ ಜೊತೆ ಮಾತಾಡಿದರು. 1929ರ ಹೊತ್ತಿಗೆ ಪಕ್ಕದ ಕಿಕುಯು ಜನರ ನಡುವೆ ಮಿಷನ್ನುಗಳು ಇದನ್ನೇ ಆಜ್ಞೆಯ ಧಾಟಿಯಲ್ಲಿ ಹೇಳಿದಾಗ, ಜನ ಸಭೆಯನ್ನೇ ಬಿಟ್ಟು ಹೋಗಿ ತಮ್ಮದೇ ಶಾಲೆ ಕಟ್ಟಿಕೊಂಡಿದ್ದರು. ಇಂಥ ಮಾತು ಒಳಗಿನವರ ಬಾಯಿಂದಲೇ ಬರಬೇಕು. ಅಂಥವರ ಹಾಸ್ಟೆಲ್ಲಿಗೆ ಅಕ್ಕಿ, ಬೇಳೆ, ಫೀಸು ಹೊಂದಿಸೋಣ.

ಬೋರ್‌ವೆಲ್ ಕೊರೆಸುತ್ತೇವೆ ಅನ್ನುವವರಿಗೂ ಒಂದು ಮಾತು. ರಿಫ್ಟ್ ಕಣಿವೆಯ ಅಂತರ್ಜಲದಲ್ಲಿ ಎಷ್ಟೋ ಕಡೆ ಫ್ಲೋರೈಡ್ ಜಾಸ್ತಿ. ಪಾವಗಡ, ಕೋಲಾರದ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ, ಹಲ್ಲು ಕಂದಾಗುವುದನ್ನು, ಮೂಳೆ ಬಾಗುವುದನ್ನು ಕಂಡವರು ಅವರು. ನೀರು ಪರೀಕ್ಷೆ ಮಾಡಿಸದೆ ಕೊರೆದರೆ ಕಾಯಿಲೆ ಕೊಟ್ಟು ಬಂದಂತೆ. ಆಮೇಲೆ ಪಂಪು ಕೆಟ್ಟಾಗ ರಿಪೇರಿ ಮಾಡುವವರು ಯಾರು, ಸ್ಪೇರ್ ಪಾರ್ಟ್ ಎಲ್ಲಿ ಸಿಗುತ್ತದೆ, ದುಡ್ಡು ಯಾರ ಹತ್ತಿರ ಇರುತ್ತದೆ? ಇನ್ನೊಂದಿದೆ. ಒಂದೇ ಕಡೆ ವರ್ಷವಿಡೀ ನೀರು ಸಿಕ್ಕರೆ ದನ ಅಲ್ಲೇ ನಿಲ್ಲುತ್ತವೆ, ಸುತ್ತಲಿನ ಹುಲ್ಲು ಬೋಳಾಗುತ್ತದೆ. ಮಳೆ ಹೋದ ಕಡೆ ದನ ಹೊಡೆದುಕೊಂಡು ಹೋಗುವ ಮಸಾಯಿ ಕ್ರಮದಲ್ಲಿ ಬುದ್ಧಿ ಇದೆ. ಎಲ್ಲಿ ಕೊರೆಯಬೇಕು, ಎಲ್ಲಿ ಬೇಡ ಅಂತ ಹಿರಿಯರಿಗೆ ಗೊತ್ತು. ಮೊದಲು ಅವರನ್ನು ಕೇಳಬೇಕು.

ಇನ್ನು ಲೆಕ್ಕ. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸ್‌ನಲ್ಲಿ ಚರ್ಚ್ ತಂಡಗಳು ಮನೆ ಕಟ್ಟಿಕೊಟ್ಟವು. ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಲೆಕ್ಕ ಹಾಕಿದರು. ಪ್ರಯಾಣ ಸೇರಿ ಒಂದು ಮನೆಗೆ ಸುಮಾರು 30,000 ಡಾಲರ್. ಅಲ್ಲಿಯ ಸಂಸ್ಥೆಗಳು ಅಂಥದ್ದೇ ಮನೆಯನ್ನು 2,000 ಡಾಲರಿಗೆ ಕಟ್ಟುತ್ತಿದ್ದವು. ವೆರ್ ಬೀಕ್ ಸ್ವತಃ ಕ್ರೈಸ್ತರು, ಆ ದೇಶದಲ್ಲೇ ನೆಲೆಸಿದವರು.

ನಮ್ಮ ಸಭೆಯ ಬೇರು ಬಾಸೆಲ್ ಮಿಷನ್ನಿನಲ್ಲಿದೆ. ಕಿಟ್ಟೆಲ್ 1853ರಲ್ಲಿ ಬಂದರು, ನಿಘಂಟು ಅಚ್ಚಾಗಿದ್ದು 1894ರಲ್ಲಿ. ಆ ಮಿಷನ್ನಿನ ಎಲ್ಲವನ್ನೂ ನಾನು ಹೊಗಳುವುದಿಲ್ಲ. ಆದರೆ ಅವರು ಉಳಿದರು, ಭಾಷೆ ಕಲಿತರು. ನಮ್ಮ ಹುಡುಗರಲ್ಲಿ ಯಾರಿಗಾದರೂ ನಿಜವಾಗಿ ಕರೆ ಬಂದಿದ್ದರೆ, ಮೊದಲು ನರ್ಸಿಂಗೋ ದನದ ಡಾಕ್ಟರ್ ಕೆಲಸವೋ ಕಲಿಯಲಿ, ಸ್ವಾಹಿಲಿ ಕಲಿಯಲಿ, ಅಲ್ಲಿಯ ಸಭೆಯೇ ಕರೆದರೆ ಕೆಲವು ವರ್ಷ ಇರಲು ಹೋಗಲಿ. ಖರ್ಚಿಗೆ ನಾನೇ ಮೊದಲು ಕೊಡುತ್ತೇನೆ.

ಉಳಿದವರ ಟಿಕೆಟ್ ದುಡ್ಡನ್ನು ಒಟ್ಟು ಮಾಡಿ ಒಬ್ಬ ಮಸಾಯಿ ಹುಡುಗಿಯ ನರ್ಸಿಂಗ್ ಓದಿಗೆ, ಒಂದು ಹಳ್ಳಿಯ ಭೂಮಿ ಕೇಸಿನ ವಕೀಲರ ಫೀಸಿಗೆ ಕಳಿಸೋಣ ಅಂತ ಮುಂದಿನ ಕಮಿಟಿ ಮೀಟಿಂಗಿನಲ್ಲಿ ಕೇಳುವವನಿದ್ದೇನೆ. ಭೂಮಿ ಕೇಸು ರಾಜಕೀಯ, ಸಭೆಗೆ ಬೇಡ ಅನ್ನುವವರು ದಯವಿಟ್ಟು ಇಲ್ಲೇ ಬರೆಯಿರಿ, ಮೀಟಿಂಗಿಗೆ ಮೊದಲೇ ಮಾತಾಡೋಣ.