ತಾನೇ ಆರೋಪಿ, ತಾನೇ ನ್ಯಾಯಾಧೀಶ

ಕೆರಿಬಿಯನ್ ದ್ವೀಪವಾದ ಟ್ರಿನಿಡಾಡ್‌ನ ಜನಪ್ರಿಯ ಹಾಡಿನ ಪ್ರಕಾರ ಕ್ಯಾಲಿಪ್ಸೊ. ಅದರ ಹೆಸರೆತ್ತಿದೊಡನೆ ಅಧಿಕಾರಸ್ಥರನ್ನು ಚುಚ್ಚುವ ಹಾಡುಗಳ ಮಾತೇ ಮೊದಲು ಬರುತ್ತದೆ. ಬರೀ ನಗಿಸಿದವರಿಗೆ ಎರಡನೆಯ ಪಂಕ್ತಿಯಲ್ಲಿ ಎಲೆ ಹಾಕುವುದು ರೂಢಿಯಾಗಿಬಿಟ್ಟಿದೆ. ಅಲ್ಲಿನ ಹಾಡುಗಾರ ಮೈಟಿ ಸ್ಪಾಯ್ಲರ್‌ಗೆ ಇದರಿಂದ ಅನ್ಯಾಯವಾಗಿದೆ ಎಂದು ನಾನು ನಂಬಿದ್ದೇನೆ.

1926ರಲ್ಲಿ ಹುಟ್ಟಿದ ಥಿಯೋಫಿಲಸ್ ಫಿಲಿಪ್ ಎಂಬಾತ ಹಾಡುಗಾರನಾಗಿ ಇಟ್ಟುಕೊಂಡ ಹೆಸರದು. ವರ್ಷಕ್ಕೊಮ್ಮೆ ಬರುವ ಕಾರ್ನಿವಲ್ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ‘ಟೆಂಟ್’ ಎಂಬ ಹಾಡಿನ ಅಂಗಳಗಳಲ್ಲಿ ದುಡ್ಡು ಕೊಟ್ಟು ಬಂದ ಜನರೆದುರು ವರ್ಷವರ್ಷವೂ ಹೊಸ ಹಾಡು ಕಟ್ಟಿ ಹಾಡಬೇಕು. ಅಂಥ ಕಣದಲ್ಲಿ ಆತ 1953 ಮತ್ತು 1955ರಲ್ಲಿ, ಎರಡು ಬಾರಿ, ಕಾರ್ನಿವಲ್ ಸ್ಪರ್ಧೆ ಗೆದ್ದವನಿಗೆ ಸಿಗುವ ‘ಕ್ಯಾಲಿಪ್ಸೊ ಕಿಂಗ್’ ಪಟ್ಟಕ್ಕೇರಿದ. 1956ರಲ್ಲಿ ಆ ಪಟ್ಟ ಮೈಟಿ ಸ್ಪ್ಯಾರೋ ಎಂಬ ಇನ್ನೊಬ್ಬ ಹಾಡುಗಾರನ ಪಾಲಾಯಿತು.

ಆತನ ಕಸುಬು ತಿಳಿಯಬೇಕಾದರೆ ಮ್ಯಾಜಿಸ್ಟ್ರೇಟ್‌ನ ಹಾಡನ್ನು ಕೇಳಬೇಕು. ಅತಿವೇಗವಾಗಿ ಕಾರು ಓಡಿಸಿ ಸಿಕ್ಕಿಬಿದ್ದ ಮ್ಯಾಜಿಸ್ಟ್ರೇಟ್ ತನ್ನ ಮೇಲಿನ ಮೊಕದ್ದಮೆಯನ್ನು ತಾನೇ ವಿಚಾರಣೆಗೆ ಎತ್ತಿಕೊಳ್ಳುತ್ತಾನೆ. ಪೀಠದಲ್ಲಿ ಕುಳಿತು ಆರೋಪ ಹೊರಿಸುವವನೂ ಅವನೇ, ಪೊಲೀಸಿನವನು ಸುಳ್ಳು ಹೇಳುತ್ತಿದ್ದಾನೆಂದು ಕಟಕಟೆಯಿಂದ ದನಿಯೇರಿಸುವವನೂ ಅವನೇ; ಕೊನೆಗೆ, ಹಾಗೆ ಕೂಗಾಡಿದ್ದಕ್ಕೆ ತನ್ನ ಮೇಲೆ ತಾನೇ ನ್ಯಾಯಾಂಗ ನಿಂದನೆಯನ್ನೂ ಹೇರಿಕೊಳ್ಳುತ್ತಾನೆ. ಅಸಂಗತವಾದ ಒಂದು ಸಂಗತಿಯನ್ನು ಒಪ್ಪಿಕೊಂಡು, ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ತರ್ಕ ತಪ್ಪದಂತೆ ಕೊನೆಮುಟ್ಟಿಸುವ ಈ ಕಲೆ ಸುಲಭದ್ದಲ್ಲ. ಬ್ರಿಟಿಷರ ವಸಾಹತಿನಲ್ಲಿ ಕೋರ್ಟು ಎಂದರೆ ಏನೆಂದು ಬಲ್ಲ ಕೇಳುಗನಿಗೆ ಇದಕ್ಕಿಂತ ಹರಿತವಾದ ಬೇರೆ ರಾಜಕೀಯ ಹಾಡು ಬೇಕಿತ್ತೇ ಎಂದು ನಾನು ಕೇಳುತ್ತೇನೆ.

ಆತನ ಇನ್ನೊಂದು ಪ್ರಸಿದ್ಧ ಹಾಡು ತಿಗಣೆಯದು. ಸತ್ತ ಮೇಲೆ ಯಾವುದಾದರೂ ಪ್ರಾಣಿಯಾಗಿಯೋ ಹುಳುವಾಗಿಯೋ ಹುಟ್ಟಲೇಬೇಕು ಎನ್ನುವುದು ನಿಜವಾದರೆ ತಾನು ತಿಗಣೆಯಾಗುವೆ, ದಪ್ಪದಪ್ಪ ಹೆಂಗಸರನ್ನು ಕಚ್ಚುತ್ತ ಸುಖವಾಗಿರುವೆ ಎನ್ನುತ್ತಾನೆ. ಆ ಕಚಗುಳಿಯಲ್ಲಿ ಪೋಲಿತನ ಇಲ್ಲದಿಲ್ಲ. ಆದರೆ ಮರುಜನ್ಮದಂಥ ಭಾರವಾದ ಮಾತನ್ನು ಹಾಸಿಗೆಯ ಅಂಚಿಗೆ ತಂದು ಕೂರಿಸಿದ ಆ ಧೈರ್ಯ ನನಗೆ ಬಹಳ ಪ್ರಿಯವಾದದ್ದು.

ಕುಡಿತ ಆತನನ್ನು ಬಿಡಲಿಲ್ಲ. 1960ರ ಡಿಸೆಂಬರಿನಲ್ಲಿ, ಮುಂದಿನ ಕಾರ್ನಿವಲ್‌ನ ಹಾಡುಗಳಿಗೆ ಟೆಂಟುಗಳು ತೆರೆದುಕೊಳ್ಳುವ ಹೊತ್ತಿಗೆ, ಆತ ತೀರಿಕೊಂಡ. ಮೂವತ್ತೈದೂ ತುಂಬಿರಲಿಲ್ಲವೆಂಬುದು ಇಂದಿಗೂ ನನ್ನ ಹೊಟ್ಟೆಯಲ್ಲಿ ಸಂಕಟ ಹುಟ್ಟಿಸುತ್ತದೆ.

ಎರಡು ದಶಕಗಳ ನಂತರ ಕೆರಿಬಿಯನ್ ಕವಿ ಡೆರೆಕ್ ವಾಲ್ಕಾಟ್ ತಮ್ಮ ಒಂದು ಕವಿತೆಯಲ್ಲಿ ಸ್ಪಾಯ್ಲರ್‌ನನ್ನು ನರಕದಿಂದ ವಾಪಸು ಕರೆತಂದು ಪೋರ್ಟ್ ಆಫ್ ಸ್ಪೇನ್‌ ಅಂಚಿನ ಗುಡ್ಡದ ಬಡಾವಣೆ ಲಾವೆಂಟಿಲ್‌ನ ಎತ್ತರದಲ್ಲಿ ಕೂರಿಸಿ ಕೆಳಗಿನ ಊರನ್ನು ತೋರಿಸಿದರು. ಸ್ವತಂತ್ರ ನಾಡಿನ ಭ್ರಷ್ಟರನ್ನು ತರಾಟೆಗೆ ತೆಗೆದುಕೊಳ್ಳಲು ಅಷ್ಟು ದೊಡ್ಡ ಕವಿ ಆರಿಸಿಕೊಂಡದ್ದು, ತಿಗಣೆಯಾಗುವೆನೆಂದು ಹಾಡಿ ಜನರನ್ನು ನಗಿಸಿದವನ ದನಿಯನ್ನು.