ಕತ್ತರಿಗೆ ರಜೆ ಕೊಟ್ಟರೆ ಹಣ್ಣು

ಡುರಾಂಟಾ ಬೇಲಿ ಕಾಣದವರು ಕಡಿಮೆ. ಅದರ ಹಣ್ಣು ಕಂಡವರೂ ಕಡಿಮೆಯೇ. ತಪ್ಪು ಗಿಡದ್ದಲ್ಲ, ಕತ್ತರಿಯದು. ಡುರಾಂಟಾ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಚೊಕ್ಕವಾಗಿರಲೆಂದು ತಿಂಗಳಿಗೊಮ್ಮೆ ಬೇಲಿ ಸವರಿದರೆ ಆ ತುದಿಗಳೇ ಉಳಿಯುವುದಿಲ್ಲ. ಹೂವಿಲ್ಲ, ಹಣ್ಣಿಲ್ಲ, ಹಕ್ಕಿ ಯಾಕೆ ಬಂದೀತು?

ಬಿಟ್ಟರೆ ನಾಲ್ಕು ಮೀಟರ್ ದಾಟುವ ಗಿಡವಿದು. ಕೊಂಬೆಗಳು ಬಾಗಿ, ನೀಲಿ-ನೇರಳೆ ಹೂಗೊಂಚಲು ಇಳಿಬೀಳುತ್ತದೆ. ಹೂ ಅರಳುವುದು ಗೊಂಚಲಿನ ಬುಡದಿಂದ ತುದಿಗೆ. ಹಾಗಾಗಿ ತುದಿಯಲ್ಲಿ ಚಿಟ್ಟೆ ಕೂತಿರುವಾಗಲೇ ಬುಡದಲ್ಲಿ ಹಸಿರು ಕಾಯಿ ಕಟ್ಟಿರುತ್ತದೆ. ಹಣ್ಣು ಕಿತ್ತಳೆ-ಹಳದಿ, ಸುಮಾರು ಒಂದು ಸೆಂ.ಮೀ. ದಪ್ಪ. ಹೂವಿನ ಬುಡದ ಬಟ್ಟಲು, ಅಂದರೆ ಪುಷ್ಪಪಾತ್ರೆಯೇ ಬೆಳೆದು ಅದನ್ನು ಸುತ್ತಿಕೊಂಡು, ತುದಿಯಲ್ಲಿ ಪುಟ್ಟ ಕೊಕ್ಕಿನಂತೆ ಬಾಗಿರುತ್ತದೆ. ಪಿಕಳಾರಗಳಿಗೆ ಇದು ಇಷ್ಟ. ಆದರೆ ಮನುಷ್ಯರಿಗೆ, ನಾಯಿ-ಬೆಕ್ಕುಗಳಿಗೆ ವಿಷ. ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳಿರುವ ಮನೆಗೆ ಈ ಗಿಡ ಬೇಡವೇ ಬೇಡ.

ಹೊಸ ಗಿಡ ಮಾಡಲು ಅರೆಬಲಿತ ಕಡ್ಡಿಯನ್ನು 10ರಿಂದ 15 ಸೆಂ.ಮೀ. ಉದ್ದಕ್ಕೆ, ಗೆಣ್ಣಿನ ಕೆಳಗೇ ಕತ್ತರಿಸಿ. ಕೆಳಗಿನ ಎಲೆ ಕಿತ್ತು, ಮರಳು ಬೆರೆಸಿದ ಮಣ್ಣಿನಲ್ಲಿ ಎರಡು ಗೆಣ್ಣು ಮುಳುಗುವಂತೆ ಊರಿ ನೆರಳಲ್ಲಿಡಿ. ಕೆಲವು ವಾರಗಳ ನಂತರ ಮೆಲ್ಲಗೆ ಎಳೆದಾಗ ಕೈಗೆ ಬಾರದೆ ಬಿಗಿ ಹಿಡಿದರೆ ಬೇರು ಬಿಟ್ಟಿದೆ ಎಂದರ್ಥ. ಬೇರೂರಿದ ಸಸಿಗೆ ದಿನಕ್ಕೆ ಆರು ಗಂಟೆ ಬಿಸಿಲು, ನೀರು ನಿಲ್ಲದ ಜಾಗ, ಗಿಡದಿಂದ ಗಿಡಕ್ಕೆ ಎರಡು ಮೀಟರ್ ಅಂತರ ಬೇಕು. ಯೂರಿಯಾ ಸುರಿದರೆ ಎಲೆ ಸೊಂಪಾಗುತ್ತದೆ, ಹೂ ಹಿಂಜರಿಯುತ್ತದೆ. ಹಳದಿ ಎಲೆಯ ತಳಿಯಲ್ಲಿ ಅಪ್ಪಟ ಹಸಿರು ಕೊಂಬೆ ಕಂಡರೆ ಬುಡದಿಂದಲೇ ತೆಗೆಯಿರಿ. ಅದು ಜೋರಾಗಿ ಬೆಳೆದು ಹಳದಿಯನ್ನು ನುಂಗಿಬಿಡುತ್ತದೆ.

ಸವರುವುದು ವರ್ಷಕ್ಕೊಮ್ಮೆ, ಹಣ್ಣು ಖಾಲಿಯಾದ ಮೇಲೆ, ಮೂರನೇ ಒಂದು ಪಾಲು ಮಾತ್ರ. ಮುಳ್ಳಿರುವ ಗಿಡವಾದರೆ ಕೈಗವಸು ಮರೆಯಬೇಡಿ. ಬಿಳಿನೊಣ ಬಂದರೆ ಎಲೆಯ ಅಡಿಗೆ ರಭಸವಾಗಿ ನೀರು ಹಾಯಿಸಿ. ಚಿಟ್ಟೆ ಕರೆಯಲು ನೆಟ್ಟ ಗಿಡಕ್ಕೆ ಕೀಟನಾಶಕ ಹೊಡೆಯುವುದು, ಊಟಕ್ಕೆ ಕರೆದು ಬಾಗಿಲು ಹಾಕಿದ ಹಾಗೆ.

ಮಧ್ಯ ಮತ್ತು ದಕ್ಷಿಣ ಅಮೆರಿಕದ ಈ ಗಿಡ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳಲ್ಲಿ ಕಳೆಯಾಗಿ ಹಬ್ಬಿದೆ. ಬೀಜ ಹೊತ್ತೊಯ್ಯುವುದು ಹಕ್ಕಿಗಳೇ. ಕಾಡಿನಂಚಿನಲ್ಲಿ ನೆಡಬೇಡಿ. ಹಕ್ಕಿ ಕೂರುವ ತಂತಿ, ಮರದ ಕೊಂಬೆ, ಕಾಂಪೌಂಡ್ ಗೋಡೆಯ ಕೆಳಗೆ ಎದ್ದ ಸಸಿಗಳನ್ನು ಗೇಣುದ್ದವಾಗುವ ಮೊದಲೇ ಬೇರುಸಹಿತ ಕಿತ್ತುಹಾಕಿ.