ಯಾವ ಸಿನಿಮಾದ್ದು ಈ ಹಾಡು?

ನಮ್ಮ ಅಕ್ಕನ ಮಗನ ಜಾತಕ ತಮ್ಮ ಹುಡುಗಿಯ ಜಾತಕಕ್ಕೆ ಕೂಡಿಬಂದಿದೆ ಎಂದು ತುಮಕೂರಿನ ಕಡೆಯಿಂದ ಒಬ್ಬರು ಫೋನ್ ಮಾಡಿದ್ದರು. ಮಾತಿನ ಮಧ್ಯೆ ಹುಡುಗ ಏನು ಮಾಡಿಕೊಂಡಿದ್ದಾನೆ ಎಂದು ಕೇಳಿದರು. ನಮ್ಮ ಅಕ್ಕನಿಗೆ ಕಪಟ ತಿಳಿಯದು. “ಶುಕ್ರವಾರದವರೆಗೆ ಸಾಫ್ಟ್‌ವೇರ್ ಕಂಪನಿ, ಶನಿವಾರ ಭಾನುವಾರ ಲೈವ್ ಬ್ಯಾಂಡ್” ಎಂದುಬಿಟ್ಟಳು. ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು. ಆಮೇಲೆ ಅದೂ ಕೇಳಿಸಲಿಲ್ಲ.

ಅವರನ್ನು ದೂರುವಂತಿಲ್ಲ. ಕನ್ನಡ ಪತ್ರಿಕೆ ಓದುವ ಯಾರೂ ‘ಲೈವ್ ಬ್ಯಾಂಡ್’ ಎಂಬ ಮಾತನ್ನು ಒಂಟಿಯಾಗಿ ಕಂಡಿರಲಿಕ್ಕಿಲ್ಲ. ಅದರ ಬೆನ್ನಿಗೇ ‘ಮೇಲೆ ಸಿಸಿಬಿ ದಾಳಿ’ ಎಂದಿರುತ್ತದೆ, ಕೆಳಗೆ ಮುಖ ಮುಚ್ಚಿಕೊಂಡವರ ಚಿತ್ರವಿರುತ್ತದೆ. ನಾಲ್ವರು ಹುಡುಗರು ಗಿಟಾರು, ಕೊಳಲು ಹಿಡಿದು ಅಜ್ಜಿಯ ಎಲೆಯಡಿಕೆ ಚೀಲದ ಮೇಲೆ ಹಾಡು ಕಟ್ಟುವುದಕ್ಕೂ ಇದೇ ಹೆಸರು ಎಂದು ತುಮಕೂರಿನವರಿಗೆ ಹೇಗೆ ಹೊಳೆಯಬೇಕು? ಬೆಂಗಳೂರಿನ ಪೊಲೀಸ್ ಕಮಿಷನರ್ ಕಚೇರಿಗೇ ಹೊಳೆಯಲಿಲ್ಲ. 2005ರಲ್ಲಿ ಅದು ಹೊರಡಿಸಿದ ಪರವಾನಗಿ ಆದೇಶ ಕ್ಯಾಬರೆ, ಡಿಸ್ಕೊಥೆಕ್, ಲೈವ್ ಬ್ಯಾಂಡ್ ಮೂರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿತು. ಹೋಟೆಲಿನವರು ಕೋರ್ಟು ಹತ್ತಿದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆದೇಶ ಸರಿಯಾಗಿಯೇ ಇದೆ ಎಂದಿತು. ಆ ವರ್ಷ ಪೊಲೀಸರು ಪಬ್ಬುಗಳ ಬಾಗಿಲಿಗೆ ಬಂದು ಕಾಗದಪತ್ರ ಕೇಳತೊಡಗಿದ್ದೇ ತಡ, ಗಿಟಾರುಗಳೆಲ್ಲ ಚೀಲ ಸೇರಿದವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಕಟ್ಟಿದವನು ಯಾವುದೋ ಬ್ಯಾಂಡಿನಲ್ಲಿ ಕೊಳಲು ಊದುತ್ತಿದ್ದಿರಬೇಕು.

ಈ ವ್ಯವಹಾರದಲ್ಲಿ ನನಗೇನು ಕೆಲಸ ಎಂದು ಕೇಳಬಹುದು. ನಾನು ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದವನು. ಅರ್ಜಿ ತುಂಬಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಹುಡುಗರು ನನ್ನನ್ನು ಮ್ಯಾನೇಜರ್ ಮಾಡಿಕೊಂಡಿದ್ದಾರೆ. ಬ್ಯಾಂಕಿನಲ್ಲಿ ಕೊನೆಯವರೆಗೂ ಸಿಗದ ಬಡ್ತಿ ಇದು. ಸಂಬಳವಿಲ್ಲ, ಅಷ್ಟೇ.

ಹಾಡು ರೆಕಾರ್ಡಾಯಿತು. ಆಮೇಲೆ ಮಿಕ್ಸಿಂಗ್ ಎಂದರು, ಹುಳಿಗೆ ಉಪ್ಪು ಖಾರ ಹದ ಮಾಡುವುದು ಎಂದುಕೊಂಡೆ. ಅದಾದ ಮೇಲೆ ಮಾಸ್ಟರಿಂಗ್ ಎಂದರು. ಎರಡು ಸಲ ಕೇಳಿ ನೋಡಿದೆ, ಇಸ್ತ್ರಿ ಮಾಡಿದ ಹಾಗಿತ್ತು. ಇಸ್ತ್ರಿಯವನು ಹನ್ನೆರಡು ಸಾವಿರ ತೆಗೆದುಕೊಂಡ.

ನಿಜವಾದ ಕೆಲಸ ಶುರುವಾದದ್ದು ಅರ್ಜಿ ತುಂಬುವಾಗ. ಈ ಕಾಲದಲ್ಲಿ ಹಾಡನ್ನು ನೇರವಾಗಿ ಲೋಕಕ್ಕೆ ಬಿಡುವಂತಿಲ್ಲ. ಮಧ್ಯೆ ವಿತರಕರೆಂಬ ಕಂಪನಿಗಳಿವೆ. ಅವರಿಗೆ ದುಡ್ಡು ಕಟ್ಟಿದರೆ ಎಲ್ಲ ಆ್ಯಪ್‌ಗಳಿಗೂ ಹಾಡನ್ನು ಹಂಚುತ್ತಾರೆ. ಹಾಡಿಗೊಂದು ಗುರುತಿನ ಸಂಖ್ಯೆಯನ್ನೂ ಕೊಡಲಾಗುತ್ತದೆ. ಅದರ ಹೆಸರು ಐಎಸ್‌ಆರ್‌ಸಿ. ಎಣಿಸಿದೆ, ಹನ್ನೆರಡು ಅಕ್ಷರ. ಆಧಾರ್‌ಗೂ ಹನ್ನೆರಡೇ. ಮುಂದಿನ ಅಂಕಣ ‘ಪ್ರಕಾರ’. ಜಾತಿ ಕೇಳುವುದನ್ನು ಇಂಗ್ಲಿಷಿನಲ್ಲಿ ಮರ್ಯಾದೆಯಾಗಿ ಹೀಗೆ ಕೇಳುತ್ತಾರೆ. ನಮ್ಮ ವಿತರಕರ ಪಟ್ಟಿಯಲ್ಲಿ ಬಾಲಿವುಡ್ ಇತ್ತು, ಭಕ್ತಿ ಇತ್ತು. ಸಿನಿಮಾದಲ್ಲಿಲ್ಲದ, ದೇವರ ಮೇಲಲ್ಲದ ಕನ್ನಡ ಹಾಡು ಹುಟ್ಟೀತೆಂದು ಆ ಪಟ್ಟಿ ಮಾಡಿದವರಿಗೆ ಕನಸೂ ಬಿದ್ದಿರಲಿಲ್ಲ. ಕೊನೆಗೆ ‘ವಿಶ್ವ ಸಂಗೀತ’ ಎಂಬುದನ್ನು ಒತ್ತಿದೆವು. ಶಿರಾ ತಾಲೂಕಿನ ಗಡಿ ದಾಟದ ನಮ್ಮ ಅಜ್ಜಿಯ ಎಲೆಯಡಿಕೆ ಚೀಲ ಹೀಗೆ ವಿಶ್ವಮಟ್ಟಕ್ಕೇರಿತು.

ಬಿಡುಗಡೆ ಶುಕ್ರವಾರವೇ ಆಗಬೇಕು ಎಂದ ನಮ್ಮ ಹುಡುಗ. 2015ರಿಂದ ಜಗತ್ತಿನಲ್ಲೆಲ್ಲ ಹೊಸ ಹಾಡು ಬರುವುದು ಶುಕ್ರವಾರವಂತೆ. ಅಕ್ಕನಿಗೆ ಆನಂದವಾಯಿತು. ಲಕ್ಷ್ಮಿಯ ವಾರ, ಹತ್ತೂವರೆಯಿಂದ ಹನ್ನೆರಡರ ರಾಹುಕಾಲವೊಂದನ್ನು ತಪ್ಪಿಸಿದರಾಯಿತು ಎಂದಳು. ಹಾಡು ಮಧ್ಯರಾತ್ರಿ ಹನ್ನೆರಡಕ್ಕೆ ಬರುತ್ತದೆ ಎಂದಾಗ ಮಾತ್ರ ಆಕೆಯ ಮುಖ ಸಣ್ಣದಾಯಿತು. ಆ ಹೊತ್ತಿನಲ್ಲಿ ಹೊರಗೆ ಬರುವುದು ಹಾಡಲ್ಲ ಎಂದು ಅವಳ ನಂಬಿಕೆ.

ಲಕ್ಷ್ಮಿ ಬಂದಳೇ? ಅದಕ್ಕೊಂದು ಕಾಯಿದೆ ಇದೆ. ಹಾಡು ಕೇಳಿಸುವ ಸ್ಪಾಟಿಫೈ ಎಂಬ ಆ್ಯಪ್ 2024ರಿಂದ ಒಂದು ನಿಯಮ ತಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಹಾಡನ್ನು ಸಾವಿರ ಸಲವಾದರೂ ಕೇಳಿರಬೇಕು, ಇಲ್ಲದಿದ್ದರೆ ಆ ಹಾಡಿಗೆ ಬಿಡಿಗಾಸೂ ಹುಟ್ಟುವುದಿಲ್ಲ. ಖಾತೆಯಲ್ಲಿ ಕನಿಷ್ಠ ಮೊತ್ತವಿಲ್ಲದವರಿಗೆ ದಂಡ ಹಾಕುವುದನ್ನು ನಾನು ಬ್ಯಾಂಕಿನಲ್ಲಿ ನೋಡಿದ್ದೇನೆ. ಇದ್ದದ್ದನ್ನೇ ತೆಗೆದು ಜಾಸ್ತಿ ಇರುವವರ ಖಾತೆಗೆ ಹಾಕುವ ಧೈರ್ಯ ನಮ್ಮ ಬ್ಯಾಂಕಿಗೂ ಬಂದಿರಲಿಲ್ಲ. ಅಕ್ಕ ಇದನ್ನು ಕೇಳಿದವಳೇ ಮೊಬೈಲನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು ಬೆಳಿಗ್ಗೆ ಹಾಲು ಕಾಯಿಸುವುದರಿಂದ ಹಿಡಿದು ರಾತ್ರಿ ಹೆಪ್ಪು ಹಾಕುವವರೆಗೆ ಮಗನ ಹಾಡನ್ನೇ ತಿರುಗಿಸತೊಡಗಿದಳು. ಮಗ ಓಡಿಬಂದು ನಿಲ್ಲಿಸಿದ. “ಅಮ್ಮಾ, ಹೀಗೆ ಒಂದೇ ಫೋನಿನಿಂದ ಒಂದೇ ಹಾಡು ಕೇಳಿಸಿದರೆ ಅದನ್ನು ಕೃತಕ ಕೇಳುಗ ಎನ್ನುತ್ತಾರೆ. ಲೆಕ್ಕಕ್ಕೆ ಬರುವುದಿಲ್ಲ, ದಂಡವೂ ಬೀಳಬಹುದು.” ಹೆತ್ತ ತಾಯಿಯನ್ನು ಕೃತಕ ಎಂದ ಮಗನನ್ನು ಅಕ್ಕ ಎರಡು ದಿನ ಮಾತನಾಡಿಸಲಿಲ್ಲ.

ಹಾಡಿನಿಂದ ಹಣವಿಲ್ಲ, ಕಾರ್ಯಕ್ರಮದಿಂದ ಬರುತ್ತದೆ ಎಂದು ತಿಳಿದವರು ಹೇಳಿದರು. ಸರಿ, ಪಬ್ಬುಗಳನ್ನು ಕೇಳಿಕೊಂಡು ಹೊರಟೆ. ಅರವತ್ತೆರಡನೆಯ ವಯಸ್ಸಿನಲ್ಲಿ ನಡುಹಗಲು ಇಂದಿರಾನಗರದ ಪಬ್ಬುಗಳ ಮೆಟ್ಟಿಲು ಹತ್ತಿಳಿಯುವುದನ್ನು ನಮ್ಮ ಓಣಿಯವರು ಇಬ್ಬರು ನೋಡಿದ್ದಾರೆ, ಅದು ಬೇರೆ ಕಥೆ. ಮೊದಲ ಪಬ್ಬಿನ ವ್ಯವಸ್ಥಾಪಕ ಹಾಡು ಕೇಳಲಿಲ್ಲ. “ಜನ ಎಷ್ಟು ತರುತ್ತೀರಿ?” ಎಂದು ಕೇಳಿದ. ರಾಜಕೀಯ ಸಮಾವೇಶಕ್ಕೆ ಜನ ತರುವುದನ್ನು ಕಂಡಿದ್ದೇನೆ. ಅಲ್ಲಿ ಬಂದವರಿಗೆ ಬಸ್ಸು, ಬಿರಿಯಾನಿ, ಕೈಗಿಷ್ಟು ಕಾಸು. ಇಲ್ಲಿ ನಾವೇ ಜನ ತರಬೇಕು, ಬಂದವರೇ ದುಡ್ಡು ಕೊಟ್ಟು ಕುಡಿಯಬೇಕು, ಅವರು ಕುಡಿದದ್ದು ಸಾಲದಾದರೆ ನಮಗೆ ಮುಂದಿನ ಸಲ ಕರೆಯಿಲ್ಲ.

ಎರಡನೆಯವನು ಮರ್ಯಾದಸ್ಥ. “ಸ್ವಂತ ಹಾಡು ಬೇಡ ಸರ್, ಟ್ರಿಬ್ಯೂಟ್ ಮಾಡಿಕೊಡಿ” ಎಂದ. ಹಾಗೆಂದರೆ ಹೊರದೇಶದ ಹೆಸರಾದ ಬ್ಯಾಂಡೊಂದರ ಹಾಡುಗಳನ್ನು ಅವರಂತೆಯೇ, ಅವರ ಅಂಗಿಯಂಥದೇ ಅಂಗಿ ತೊಟ್ಟು, ಸಂಜೆಯಿಡೀ ಹಾಡುವುದು. ನಮ್ಮಲ್ಲಿ ಇದಕ್ಕೆ ತಿಥಿ ಎನ್ನುತ್ತಾರೆ, ಸತ್ತವರಿಗೆ ಮಾತ್ರ ಮಾಡುತ್ತೇವೆ. ಬೆಂಗಳೂರಿನಲ್ಲಿ ವಾರಕ್ಕೊಂದರಂತೆ ಬದುಕಿರುವವರ ತಿಥಿ ನಡೆಯುತ್ತಿದೆ, ಎಡೆಯೂ ಭರ್ಜರಿ. ಹುಡುಗರು ಮೂಗು ಮುರಿದರೂ ಒಪ್ಪಿಕೊಂಡು ಮಾಡಿಬಂದರು. ಸಂಭಾವನೆ ತಲೆಗೊಂದು ಬಿಯರ್ ಕೂಪನ್. ಕೊಳಲಿನವನು, ಡ್ರಮ್ಮಿನವನು ಇಬ್ಬರೂ ಕುಡಿಯದವರು. ಚೌಕಾಸಿ ಮಾಡಿ ಅವರ ಪಾಲಿಗೆ ಗೋಬಿ ಮಂಚೂರಿ ಕೊಡಿಸಿದೆ. ಮ್ಯಾನೇಜರ್ ಆಗಿ ನನ್ನ ಮೊದಲ ಗೆಲುವು.

ಪಬ್ಬು ಬೇಡ, ಬೀದಿಯಲ್ಲಿ ಹಾಡೋಣ ಎಂದು ಒಂದು ಯೋಚನೆ ಹೊಳೆದಿತ್ತು. ಅಷ್ಟರಲ್ಲಿ 2025ರ ಫೆಬ್ರುವರಿ 9ರಂದು ಚರ್ಚ್ ಸ್ಟ್ರೀಟಿನಲ್ಲಿ ಎಡ್ ಶೀರನ್ ಎಂಬ ಇಂಗ್ಲೆಂಡಿನ ಗಾಯಕ ಗಿಟಾರು ಹಿಡಿದು ನಿಂತ. ಲೋಕದಲ್ಲಿ ಆತನ ಮುಖ ಗುರುತಿಸದವರು ಕಡಿಮೆ. ಆ ಕಡಿಮೆಯವರಲ್ಲಿ ಒಬ್ಬರು ಅಂದು ಕರ್ತವ್ಯದಲ್ಲಿದ್ದರು. ಹಾಡಿನ ನಡುವೆ ಬಂದು ಮೈಕಿನ ತಂತಿ ಕಿತ್ತರು. ಜಾಗ ಇಕ್ಕಟ್ಟಾದ್ದರಿಂದ ಅನುಮತಿ ಕೊಟ್ಟಿರಲಿಲ್ಲ ಎಂದರು ಪೊಲೀಸರು, ಅದೇ ಜಾಗಕ್ಕೆ ಅನುಮತಿ ಇತ್ತು ಎಂದ ಆತ. ಊರೆಲ್ಲ ನಾಚಿಕೆಪಟ್ಟುಕೊಂಡಿತು. ನಮ್ಮ ಮನೆಯಲ್ಲಿ ಮಾತ್ರ ಹುಡುಗರು ಆ ವಿಡಿಯೊವನ್ನು ಹತ್ತು ಸಲ ನೋಡಿ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬುದನ್ನು ಅವರು ಸಮಾಜ ವಿಜ್ಞಾನದ ಪುಸ್ತಕದಲ್ಲಿ ಓದಿದ್ದರು, ಕಣ್ಣಾರೆ ಕಂಡದ್ದು ಅಂದೇ.

ನೆಂಟರು ಸಮಾಧಾನ ಹೇಳುತ್ತಾರೆ. “ರಘು ದೀಕ್ಷಿತ್ ಮೇಲೆ ಬರಲಿಲ್ಲವೇ?” ಬಂದರು. 2008ರಲ್ಲಿ ಮೊದಲ ಆಲ್ಬಮ್, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ವೇದಿಕೆ. ಆದರೆ ಒಬ್ಬರು ಈಜಿ ದಡ ಸೇರಿದರೆಂದು ಸೇತುವೆಯ ಟೆಂಡರನ್ನೇ ರದ್ದು ಮಾಡುವುದೇ?

ತೆರಿಗೆಯ ಭಯವೊಂದಿಲ್ಲ, ಅದನ್ನು ಹೇಳಲೇಬೇಕು. ಜಾನಪದ ಅಥವಾ ಶಾಸ್ತ್ರೀಯ ಕಲಾವಿದರಿಗೆ ಒಂದು ಕಾರ್ಯಕ್ರಮಕ್ಕೆ ಒಂದೂವರೆ ಲಕ್ಷದವರೆಗೆ ಜಿಎಸ್‌ಟಿ ವಿನಾಯಿತಿ ಇದೆ. ಅಜ್ಜಿಯ ಚೀಲದ ಹಾಡು ಏಕತಾರಿಯಲ್ಲಿ ಜಾನಪದವಾದರೆ ಗಿಟಾರಿನಲ್ಲಿ ಏನಾಗುತ್ತದೆ ಎಂದು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡಿದ್ದೆ. ಬೆಳಿಗ್ಗೆ ನೋಡಿದರೆ, ವರ್ಷಕ್ಕೆ 20 ಲಕ್ಷ ವಹಿವಾಟು ದಾಟದವರಿಗೆ ನೋಂದಣಿಯೇ ಬೇಡ. ನಮ್ಮ ಬ್ಯಾಂಡಿನ ಕಳೆದ ವರ್ಷದ ಆದಾಯ 4,800 ರೂಪಾಯಿ. ಈ ವೇಗದಲ್ಲಿ ಹೋದರೆ 20 ಲಕ್ಷ ಕೂಡಲು 417 ವರ್ಷ ಬೇಕು. ಆ ಚಿಂತೆಯನ್ನು ಮುಂದಿನ ಮ್ಯಾನೇಜರನಿಗೆ ಬಿಟ್ಟಿದ್ದೇನೆ.

ಕಡೆಗೆ ದಾರಿ ತೋರಿಸಿದ್ದು ನವೆಂಬರ್. ಕನ್ನಡದ ಹಬ್ಬ, ಕನ್ನಡದ ಹುಡುಗರು, ಕನ್ನಡದ ಹಾಡು. ಇದಕ್ಕಿಂತ ಸರಿಯಾದ ಜೋಡಿ ಯಾವ ಪಂಚಾಂಗದಲ್ಲೂ ಸಿಗದು ಎಂದು ನಮ್ಮ ಬಡಾವಣೆಯ ರಾಜ್ಯೋತ್ಸವ ಸಂಘದ ಕಾರ್ಯದರ್ಶಿಗಳ ಬಳಿಗೆ ಹೋದೆ. ಅವರು ಸಂತೋಷವಾಗಿಯೇ ಕೂರಿಸಿ ಕಾಫಿ ಕೊಟ್ಟು, “ಸ್ವಂತ ಹಾಡೇ? ಯಾಕೆ ರಾಯರೇ ಅಪಾಯ! ಜನಕ್ಕೆ ಗೊತ್ತಿರುವುದನ್ನು ಹಾಡಿಸಿ” ಎಂದರು. ಕಾಲು ಹಿಡಿದೆ ಎನ್ನಲಾರೆ, ಕೈಯನ್ನಂತೂ ಬಿಡಲಿಲ್ಲ. ಆರ್ಕೆಸ್ಟ್ರಾದ ನಡುವೆ ಹತ್ತು ನಿಮಿಷ ಬಿಟ್ಟುಕೊಟ್ಟರು.

ಕಾರ್ಯಕ್ರಮ ಆರಕ್ಕೆಂದು ಅಚ್ಚಾಗಿತ್ತು. ಏಳೂವರೆಗೆ ಗಣ್ಯರು ಬಂದರು. ದೀಪ ಹಚ್ಚಿದರು, ಗಾಳಿಗೆ ಆರಿತು, ಮತ್ತೆ ಹಚ್ಚಿದರು. ಆಮೇಲೆ ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ. ಶಾಲು, ಪೇಟ, ಹಣ್ಣಿನ ಬುಟ್ಟಿ. ಸಂಘಕ್ಕೆ ಪೆಂಡಾಲು ಕೊಟ್ಟವರಿಗೆ, ಪೆಂಡಾಲಿಗೆ ಜಾಗ ಕೊಟ್ಟವರಿಗೆ, ಜಾಗದ ಎದುರು ಮನೆಯಿದ್ದು ಆಕ್ಷೇಪಿಸದವರಿಗೆ. ಇಪ್ಪತ್ತೇಳು ಜನ. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮೀರಬಾರದು, ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದು ಎಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಹತ್ತು ಗಂಟೆಯೊಳಗಿನ ಡೆಸಿಬಲ್ಲುಗಳನ್ನೆಲ್ಲ ಭಾಷಣಕಾರರೇ ಖರ್ಚು ಮಾಡಿ ಮುಗಿಸಿದರು. ನಮ್ಮ ಹುಡುಗರು ವೇದಿಕೆ ಹತ್ತಿದಾಗ ಒಂಬತ್ತು ಐವತ್ತೆರಡು. ತಂತಿ ಸಿಕ್ಕಿಸುವುದರಲ್ಲಿ ಐವತ್ತಾರು.

ಒಂದೇ ಹಾಡು, ಅಜ್ಜಿಯ ಚೀಲ. ಮೊದಲ ಸಾಲಿನ ಗಣ್ಯರು ಊಟಕ್ಕೆ ಎದ್ದಿದ್ದರು. ಹಿಂದಿನ ಸಾಲಿನಲ್ಲಿ ಮಫ್ಲರ್ ಕಟ್ಟಿಕೊಂಡಿದ್ದ ಹಿರಿಯರೊಬ್ಬರು ಮಾತ್ರ ಎದ್ದು ಮುಂದೆ ಬಂದು, ಹಾಡು ಮುಗಿಯುವವರೆಗೂ ನಿಂತೇ ಇದ್ದರು. ಕಣ್ಣೊರೆಸಿಕೊಂಡರು ಎಂದು ನನಗೆ ಅನ್ನಿಸಿತು, ಜನರೇಟರಿನ ಹೊಗೆಯೂ ಇರಬಹುದು. ಹುಡುಗರು ಕೆಳಗಿಳಿಯುತ್ತಲೇ ಅಕ್ಕನ ಮಗನ ಭುಜ ಹಿಡಿದು ಕೇಳಿದರು.

“ಬಹಳ ಚೆನ್ನಾಗಿದೆಯಪ್ಪ. ಯಾವ ಸಿನಿಮಾದ್ದು ಈ ಹಾಡು?”

ಈ ಪ್ರಶ್ನೆಯನ್ನು ಅವನು ಮೂರು ವರ್ಷಗಳಿಂದ ಕೇಳಿಸಿಕೊಳ್ಳುತ್ತ ಬಂದಿದ್ದಾನೆ. ಶಿಶುನಾಳ ಷರೀಫರು 1889ರಲ್ಲಿ ತೀರಿಕೊಂಡರು, ಅವರ ಮೇಲೆ ಸಿನಿಮಾ ಬಂದದ್ದು 1990ರಲ್ಲಿ. ತತ್ವಪದಕ್ಕೂ ನೂರೊಂದು ವರ್ಷ ಕಾಯಬೇಕಾಯಿತು ಎಂದು ನಾನೇ ಅವನಿಗೆ ಹಲವು ಸಲ ಸಮಾಧಾನ ಹೇಳಿದ್ದೇನೆ. ಅಂದು ಅವನಿಗೆ ತಾಳ್ಮೆ ಮುಗಿದಿರಬೇಕು. “ಇನ್ನೂ ಬಿಡುಗಡೆ ಆಗಿಲ್ಲ ತಾತ” ಎಂದುಬಿಟ್ಟ.

ಹಿರಿಯರ ಪಕ್ಕದಲ್ಲಿದ್ದ ಮೊಮ್ಮಗ ಆಗಲೇ ಮೊಬೈಲು ತೆಗೆದ. ಮರುದಿನ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಹೊಸ ಸಿನಿಮಾದ ಹಾಡು ನಮ್ಮ ವೇದಿಕೆಯಲ್ಲೇ ಮೊದಲು’ ಎಂದು ಬಂತು. ವಾರದೊಳಗೆ ಕೇಳುಗರು ಸಾವಿರ ದಾಟಿದರು, ಹದಿನೈದು ದಿನಕ್ಕೆ ಒಂಬತ್ತು ಸಾವಿರ. ಅಜ್ಜಿಯ ಪಾತ್ರ ಯಾರು ಮಾಡಿದ್ದಾರೆ ಎಂದು ಹಾಲಿನ ಬೂತಿನಲ್ಲಿ ನನ್ನನ್ನು ಮೂವರು ಕೇಳಿದ್ದಾರೆ. ತುಮಕೂರಿನವರೂ ಮತ್ತೆ ಫೋನ್ ಮಾಡಿದ್ದರು, ಹುಡುಗ ಸಿನಿಮಾರಂಗದಲ್ಲಿದ್ದಾನಂತೆ ನಿಜವೇ ಎಂದು.

ನಿನ್ನೆ ಸಂಘದ ಕಾರ್ಯದರ್ಶಿಗಳು ಮನೆಗೇ ಬಂದರು. ಮುಂದಿನ ರಾಜ್ಯೋತ್ಸವಕ್ಕೆ ಆ ಸಿನಿಮಾದ ಹೀರೋನನ್ನು ಕರೆತರಲು ಆಗುತ್ತದೆಯೇ ಎಂದು ಕೇಳಿದರು. ಶಾಲು, ಪೇಟ, ಹಣ್ಣಿನ ಬುಟ್ಟಿಗೆ ಈಗಲೇ ಹೇಳಿಬಿಡುತ್ತಾರಂತೆ. ಹಾಡುವುದಕ್ಕೆ ಬೇರೆ ಆರ್ಕೆಸ್ಟ್ರಾ ಗೊತ್ತು ಮಾಡಿದ್ದಾರೆ.